ರಾಗ ಕೊಟ್ಟವರ ಹೆಸರು

ತಾಯಲೂರು,
ಮುಳಬಾಗಿಲು ತಾಲ್ಲೂಕು

ಚಿನ್ನಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಎರಡು ಪ್ರಶ್ನೆಗಳಿಗೆ ಅವಸರದಲ್ಲಿ ಏನೋ ಒಂದು ಹೇಳಿ ಮುಗಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಕಾಗದ. ನವೆಂಬರಿನಲ್ಲಿ ನಿಮ್ಮ ಮ್ಯಾಂಚೆಸ್ಟರಿನ ಕನ್ನಡದವರೆಲ್ಲ ಸೇರಿ ಮಾಡುವ ರಾಜ್ಯೋತ್ಸವಕ್ಕೆ ನಾಡಗೀತೆಯನ್ನು ಪಿಯಾನೊದಲ್ಲಿ ನುಡಿಸಬೇಕು, ಯಾವ ಧಾಟಿ ಹಿಡಿಯಲಿ ಅಂದೆ. ಆಮೇಲೆ, ನಿನ್ನ ಟೀಚರ್ ಹೊಸದಾಗಿ ಕೊಟ್ಟಿರುವ ಪಾಠದ ಸಂಯೋಜಕ ಜಾನ್ ಫೌಲ್ಡ್ಸ್ ಇಂಡಿಯಾದಲ್ಲೇ ತೀರಿಕೊಂಡರಂತೆ, ಚಿಕ್ಕಮ್ಮಾ ನಿಂಗೆ ಗೊತ್ತಾ ಅಂದೆ. ನಿನಗೆ ಇವೆರಡೂ ಬೇರೆ ಬೇರೆ ಸಂಗತಿ. ದಿನಾ ಬೆಳಿಗ್ಗೆ ಶಾಲೆಯ ಪ್ರಾರ್ಥನೆಗೆ ಹಾರ್ಮೋನಿಯಂ ಮುಂದೆ ಕೂರುವ ನನಗೆ ಎರಡೂ ಒಂದೇ ಪೆಟ್ಟಿಗೆಯೊಳಗಿನ ಕಥೆ.

ಮೊದಲು ನಿಮ್ಮ ಊರಿನವರ ವಿಷಯ ಹೇಳುತ್ತೇನೆ. ಫೌಲ್ಡ್ಸ್ ಹುಟ್ಟಿದ್ದು ಮ್ಯಾಂಚೆಸ್ಟರಿನಲ್ಲೇ, 1880ರ ನವೆಂಬರ್ 2ರಂದು. ಅಪ್ಪ ಅಲ್ಲಿಯ ಹ್ಯಾಲೆ ಆರ್ಕೆಸ್ಟ್ರಾದಲ್ಲಿ ವಾದ್ಯಗಾರರು. ಮಗನೂ 1900ರಲ್ಲಿ ಅದೇ ಆರ್ಕೆಸ್ಟ್ರಾಕ್ಕೆ ಚೆಲ್ಲೊ ವಾದಕನಾಗಿ ಸೇರಿದರು. ನಾಟಕಗಳಿಗೆ ಸಂಗೀತ ಬರೆದರು, ಜನ ಗುನುಗುವಂಥ ಲಘು ಸಂಗೀತ ಬರೆದರು. ನೀನೀಗ ಕಲಿಯುತ್ತಿರುವ ‘ಕೆಲ್ಟಿಕ್ ಲಮೆಂಟ್’ 1911ರ ‘ಕೆಲ್ಟಿಕ್ ಸೂಟ್’ನ ಒಂದು ಭಾಗ. ಅದೊಂದು ಅವರಿಗೆ ಹೆಸರು ತಂದಿತು, ಅದೊಂದೇ ಅವರ ಹೆಸರನ್ನು ತಿಂದೂಬಿಟ್ಟಿತು. ಮೊದಲ ಮಹಾಯುದ್ಧದಲ್ಲಿ ಸತ್ತವರಿಗಾಗಿ ಅವರು ಬರೆದ ‘ಎ ವರ್ಲ್ಡ್ ರೆಕ್ವಿಯಮ್’ 1923ರಿಂದ 1926ರವರೆಗೆ ಪ್ರತಿವರ್ಷ ಲಂಡನ್ನಿನಲ್ಲಿ ನಡೆಯಿತು, ಮೊದಲ ಸಲ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಸಾವಿರಕ್ಕೂ ಹೆಚ್ಚು ಜನ ಹಾಡುವ, ನುಡಿಸುವ ಕೃತಿ ಅದು. ಆಮೇಲೆ ನಿಂತೇಹೋಯಿತು. ಅಂಥದ್ದನ್ನು ಬರೆದವರು ಮುಂದೆ ಪ್ಯಾರಿಸಿನಲ್ಲಿ ಮೂಕಿ ಸಿನಿಮಾಗಳಿಗೆ ಪಿಯಾನೊ ನುಡಿಸಿ ಹೊಟ್ಟೆ ಹೊರೆಯಬೇಕಾಯಿತು. ಬಿಬಿಸಿ ತಮ್ಮ ಹಗುರ ತುಣುಕುಗಳನ್ನೇ ಮತ್ತೆ ಮತ್ತೆ ಹಾಕುತ್ತದೆ, ದೊಡ್ಡ ಕೃತಿಗಳನ್ನು ಮುಟ್ಟುವುದಿಲ್ಲ ಎಂಬ ಸಂಕಟ ಅವರಿಗೆ ಕೊನೆಯವರೆಗೂ ಇತ್ತು. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ ಚಿನ್ನಾ, ಜನ ಕೆಲಸ ಮಾಡುತ್ತಾ ಗುನುಗುವ ಒಂದು ಧಾಟಿ ಕಟ್ಟುವುದು ಸಣ್ಣ ಕೆಲಸ ಅಲ್ಲ. ಅದು ಎಷ್ಟು ಕಷ್ಟ ಅಂತ ಕಟ್ಟಲು ಕೂತವರಿಗೇ ಗೊತ್ತು.

1935ರಲ್ಲಿ ಫೌಲ್ಡ್ಸ್ ಹೆಂಡತಿ ಮಾಡ್ ಮೆಕಾರ್ಥಿಯ ಜೊತೆ ನಮ್ಮ ದೇಶಕ್ಕೆ ಬಂದರು. ಆಕೆ ಐರ್ಲೆಂಡಿನ ಪಿಟೀಲುಗಾರ್ತಿ. ಆನಿ ಬೆಸೆಂಟರ ಒಡನಾಟದಲ್ಲಿ ಅದಕ್ಕೂ ಮೊದಲೇ ಇಲ್ಲಿಗೆ ಬಂದು ನಮ್ಮ ರಾಗಗಳನ್ನು ಕಲಿತಿದ್ದವರು. 1937ರಲ್ಲಿ ಫೌಲ್ಡ್ಸ್ ದೆಹಲಿಯ ಆಲ್ ಇಂಡಿಯಾ ರೇಡಿಯೊದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗದ ನಿರ್ದೇಶಕರಾದರು. ಅಲ್ಲಿ ಅವರು ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ನಮ್ಮ ವಾದ್ಯಗಾರರನ್ನೇ ಕೂರಿಸಿಕೊಂಡು, ಅವರಿಗೆ ಪಶ್ಚಿಮದ ಸ್ವರಲಿಪಿ ಓದುವುದನ್ನು ಕಲಿಸಿ, ನಮ್ಮ ವಾದ್ಯಗಳದೇ ಒಂದು ವೃಂದ ಕಟ್ಟಿದರು. ಇನ್ನೊಂದು ಕೆಲಸವನ್ನೂ ಮಾಡಿದರು. 1938ರಲ್ಲಿ ರೇಡಿಯೊದ ಪತ್ರಿಕೆಯಲ್ಲಿ ಹಾರ್ಮೋನಿಯಂ ಮೇಲೆ ಕಟುವಾದ ಲೇಖನ ಬರೆದರು. ಭಾರತದ ಸಂಗೀತಕ್ಕೆ ಈ ಪೆಟ್ಟಿಗೆ ಸಲ್ಲದು, ಇದರಿಂದ ಕೆಡುಕೇ ಹೆಚ್ಚು ಅನ್ನುವುದು ಅವರ ವಾದ. 1939ರ ಏಪ್ರಿಲಿನಲ್ಲಿ ಅವರಿಗೆ ಕಲ್ಕತ್ತಾಕ್ಕೆ ವರ್ಗವಾಯಿತು. ಹೋದ ಕೆಲವೇ ದಿನಗಳಲ್ಲಿ ಕಾಲರಾ ತಗುಲಿ, 25ನೇ ತಾರೀಖು ತೀರಿಕೊಂಡರು. 58 ವರ್ಷ ಆಗಿತ್ತಷ್ಟೆ. ಮರುವರ್ಷ, 1940ರ ಮಾರ್ಚ್ 1ರಿಂದ, ರೇಡಿಯೊದಲ್ಲಿ ಹಾರ್ಮೋನಿಯಂ ಬಂದ್ ಆಯಿತು. ರವೀಂದ್ರನಾಥ ಠಾಕೂರರೂ ಅದಕ್ಕೆ ಒಪ್ಪಿಗೆಯ ಮಾತು ಬರೆದರು. ಆ ನಿಷೇಧ ಸಡಿಲವಾಗಿದ್ದು 1971ರಲ್ಲಿ. ಮೂವತ್ತು ವರ್ಷಕ್ಕೂ ಮೇಲೆ!

ಫೌಲ್ಡ್ಸ್ ಹೇಳಿದ್ದರಲ್ಲಿ ಸತ್ಯ ಇಲ್ಲದೆ ಇಲ್ಲ. ನಿನ್ನ ಪಿಯಾನೊದ ಹಾಗೇ ಹಾರ್ಮೋನಿಯಂ ಮನೆಗಳೂ ಮೊದಲೇ ಗೊತ್ತುಮಾಡಿಟ್ಟ ಸ್ವರಗಳು. ಎರಡು ಮನೆಗಳ ನಡುವೆ ಜಾರಲು ದಾರಿಯೇ ಇಲ್ಲ. ತೋಡಿಯ ಗಾಂಧಾರವನ್ನು ವೀಣೆಯಲ್ಲಿ ತಂತಿ ಎಳೆದು ತೂಗಿಸುತ್ತಾರಲ್ಲ, ಅದನ್ನು ಈ ಪೆಟ್ಟಿಗೆಯಲ್ಲಿ ಏನು ಮಾಡಿದರೂ ತರಲಾಗದು. ಶಾಸ್ತ್ರೀಯ ಸಂಗೀತದವರು ಮೂಗು ಮುರಿದದ್ದಕ್ಕೆ ಕಾರಣ ಇದೆ. ಆದರೆ ಈ ಪೆಟ್ಟಿಗೆ ಯಾರ ಕೈಗೆ ಬಂದಿತ್ತು ಎನ್ನುವುದನ್ನು ಅವರು ನೋಡಲಿಲ್ಲ. ತಂಬೂರಿ ಕೊಳ್ಳಲಾಗದ, ಶ್ರುತಿ ಕೂಡಿಸಲು ಗುರುಗಳಿಲ್ಲದ, ಮಳೆ ನಂಬಿ ಬದುಕುವ ನಮ್ಮಂಥ ಊರುಗಳಿಗೆ ಸಂಗೀತ ಬಂದದ್ದೇ ಇದರ ಬೆನ್ನ ಮೇಲೆ.

ನಮ್ಮ ಶಾಲೆಯ ಪೆಟ್ಟಿಗೆಯನ್ನು ನೀನು ರಜಕ್ಕೆ ಬಂದಾಗ ಹೊರಗಿನಿಂದ ನೋಡಿದ್ದೀಯ, ಒಳಗೆ ನೋಡಿಲ್ಲ. ಬೇಸಿಗೆಯ ಧೂಳಿಗೆ ಒಂದೊಂದು ಸ್ವರ ಕಟ್ಟಿಕೊಳ್ಳುತ್ತದೆ. ಮನೆ ಒತ್ತಿದರೆ ಬರೀ ಗಾಳಿ ಬುಸ್ ಅನ್ನುತ್ತದೆ, ಸದ್ದೇ ಬರದು. ಆಗ ಮೇಲಿನ ಹಲಗೆಯ ತಿರುಪು ಬಿಚ್ಚಿ, ಮನೆಗಳ ಕೆಳಗಿನ ಪಟ್ಟಿಯನ್ನು ಎತ್ತಿ ತಿರುಗಿಸಿದರೆ ಸಾಲಾಗಿ ಹಿತ್ತಾಳೆಯ ನಾಲಿಗೆಗಳು. ಎಡಗಡೆಯವು ಉದ್ದ, ದಪ್ಪ; ಬಲಕ್ಕೆ ಹೋಗುತ್ತಾ ಹೋಗುತ್ತಾ ಬೆರಳಿನ ಉಗುರಿಗಿಂತ ಸಣ್ಣವು. ಪ್ರತಿ ನಾಲಿಗೆಯ ಒಂದು ತುದಿ ಬಿಗಿದಿರುತ್ತದೆ, ಇನ್ನೊಂದು ತುದಿ ಗಾಳಿಗೆ ಅದುರಲು ಬಿಟ್ಟಿರುತ್ತದೆ. ಕಟ್ಟಿಕೊಂಡ ನಾಲಿಗೆಯ ಕೆಳಗೆ ಹಳೇ ಪೋಸ್ಟ್ ಕಾರ್ಡಿನ ಅಂಚನ್ನು ಮೆಲ್ಲಗೆ ತೂರಿಸಿ ಈಚೆಗೆ ಎಳೆಯಬೇಕು. ಜೋರು ಮಾಡಿದರೆ ನಾಲಿಗೆ ಬಾಗಿ ಶ್ರುತಿಯೇ ಹೋಗುತ್ತದೆ. ಒಂದು ಎಳೆ ಧೂಳು ಉದುರುತ್ತದೆ, ಸ್ವರ ಮತ್ತೆ ಮಾತಾಡುತ್ತದೆ. ಇದನ್ನು ನನಗೆ ತೋರಿಸಿಕೊಟ್ಟವರು ಯಾವ ಸಂಗೀತ ವಿದ್ವಾಂಸರೂ ಅಲ್ಲ, ನಮ್ಮ ಕಡೆಯ ಒಬ್ಬ ನಾಟಕದ ಮೇಷ್ಟ್ರು.

ಈ ಮೇಷ್ಟ್ರುಗಳನ್ನು ನಿನಗೆ ಪರಿಚಯ ಮಾಡಿಸಲೇಬೇಕು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಎಲ್ಲಿ ಹೋದರೂ ಊರಹಬ್ಬಕ್ಕೆ ಕುರುಕ್ಷೇತ್ರ ನಾಟಕ ಕಟ್ಟುವ ಹುಡುಗರು ಸಿಗುತ್ತಾರೆ. ಹಗಲೆಲ್ಲ ಟೊಮೆಟೊ ಕಿತ್ತು ವಡ್ಡಹಳ್ಳಿ ಮಾರ್ಕೆಟ್ಟಿಗೆ ಕಳಿಸಿದವರು ರಾತ್ರಿ ಊಟ ಮುಗಿಸಿ ದೇವಸ್ಥಾನದ ಮುಂದೆ ಸೇರುತ್ತಾರೆ. ಪಾತ್ರ ಬೇಕಾದವರು ಕೈಯಿಂದ ದುಡ್ಡು ಹಾಕಬೇಕು. ಕೃಷ್ಣ, ದುರ್ಯೋಧನನಿಗೆ ಹೆಚ್ಚು. ಮೇಷ್ಟ್ರ ಮುಂದೆ ಹಾರ್ಮೋನಿಯಂ. ಆಂಧ್ರದ ಗಡಿ ಇಲ್ಲೇ ಇರುವುದರಿಂದ ಪದ್ಯ ಕೆಲವು ತೆಲುಗು, ಕೆಲವು ಕನ್ನಡ. ಕೃಷ್ಣನ ಪಾತ್ರದವನಿಗೆ ಓದು ಅಷ್ಟಕ್ಕಷ್ಟೆ ಆದರೆ, ಮೇಷ್ಟ್ರು ಪದ್ಯದ ಸಾಲನ್ನು ತಾವೇ ಹಾಡಿ, ಬಲಗೈಯಲ್ಲಿ ನುಡಿಸಿ, ಷಡ್ಜದ ಮೇಲೆ ಬೆರಳು ಇಟ್ಟುಕೊಂಡೇ ಕಾಯುತ್ತಾರೆ. ಹುಡುಗ ತಪ್ಪಿದ ಕಡೆ ಆ ಒಂದು ಸ್ವರವನ್ನು ಮಾತ್ರ ಒತ್ತಿ ತೋರಿಸುತ್ತಾರೆ, ಬೈಯುವುದಿಲ್ಲ. ಹೀಗೆ ತಿಂಗಳುಗಟ್ಟಲೆ ನಡೆದು, ನಾಟಕದ ರಾತ್ರಿ ಬೆಳಗಿನವರೆಗೆ ಇಪ್ಪತ್ತು ಪಾತ್ರಗಳ ಉಸಿರೂ ಆ ಪೆಟ್ಟಿಗೆಯ ತಿದಿಯಲ್ಲೇ ಇರುತ್ತದೆ.

ಆ ನಾಟಕಗಳ ಕರಪತ್ರವನ್ನು ನೀನು ಗಮನಿಸಿ ನೋಡಬೇಕಿತ್ತು. ಗುಲಾಬಿ ಬಣ್ಣದ ಕಾಗದ, ಪಾತ್ರಧಾರಿಗಳ ಹೆಸರು, ಸೀನರಿಯವರ ಹೆಸರು, ಜೊತೆಗೆ ದಪ್ಪ ಅಕ್ಷರದಲ್ಲಿ ಹಾರ್ಮೋನಿಯಂ ಮತ್ತು ನಿರ್ದೇಶನ ಮಾಡಿದ ಮೇಷ್ಟ್ರ ಹೆಸರು, ಅವರ ಊರು. ತಪ್ಪಿದ್ದೇ ಇಲ್ಲ. ಓದು ಬರಹ ಕಡಿಮೆ ಇರುವವರು ಸೇರಿ ಹಂಚುವ ಕರಪತ್ರ ಇದು. ನಾವು ಓದಿದವರು ಮಾಡುವ ಸಭೆಗಳಲ್ಲಿ ಏನಾಗುತ್ತದೆ? ಮುಳಬಾಗಿಲಿನಲ್ಲೋ ಕೋಲಾರದಲ್ಲೋ ಒಂದು ಕಾರ್ಯಕ್ರಮ, ಮಕ್ಕಳು ಭಾವಗೀತೆ ಹಾಡುತ್ತಾರೆ. ನಿರೂಪಕರು ಕವಿಯ ಹೆಸರು ಹೇಳುತ್ತಾರೆ, ಹೇಳಲೇಬೇಕು. ಹಾಡುವ ಮಗುವಿನ ಹೆಸರನ್ನೂ ಹೇಳುತ್ತಾರೆ. ರಾಗ ಕಟ್ಟಿದವರು ಯಾರು ಅಂತ ಯಾರೂ ಹೇಳುವುದಿಲ್ಲ. ಆ ಹಾಡು ಮರದಲ್ಲಿ ತಾನೇ ಬಿಟ್ಟಿತು ಅನ್ನುವ ಹಾಗೆ.

ಈಗ ನಿನ್ನ ನಾಡಗೀತೆಗೆ ಬರುತ್ತೇನೆ. ಕುವೆಂಪು ಅವರ ಕವಿತೆ ಅಧಿಕೃತವಾಗಿ ನಾಡಗೀತೆಯಾದದ್ದು 2004ರ ಜನವರಿ 6ರಂದು. ಆದರೆ ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕು ಅನ್ನುವುದು ತೀರ್ಮಾನವಾಗಲು ಹದಿನೆಂಟು ವರ್ಷ ಹಿಡಿಯಿತು. ಒಂದೊಂದು ಶಾಲೆ ಒಂದೊಂದು ಥರ ಹಾಡುತ್ತಿತ್ತು. ಕೆಲವು ಕಡೆ ಎಳೆದೂ ಎಳೆದೂ ಎಳೆಯ ಮಕ್ಕಳು ನಿಂತಲ್ಲೇ ತೂಕಡಿಸುತ್ತಿದ್ದವು. ಸಮಿತಿಗಳು ಕೂತವು, ವರದಿ ಕೊಟ್ಟವು. ಕೊನೆಗೆ 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಆದೇಶ ಹೊರಡಿಸಿತು: ಪೂರ್ಣ ಪಾಠ, ಮೈಸೂರು ಅನಂತಸ್ವಾಮಿಯವರ ರಾಗ ಸಂಯೋಜನೆ, 2 ನಿಮಿಷ 30 ಸೆಕೆಂಡು, ಆಲಾಪ ಬೇಡ. ಸಿ. ಅಶ್ವಥ್ ಅವರ ಧಾಟಿಯನ್ನು ಒಪ್ಪಿಕೊಂಡವರೂ ಬಹಳ ಜನ ಇದ್ದುದರಿಂದ ಈ ಆದೇಶ ಹೈಕೋರ್ಟಿನವರೆಗೂ ಹೋಯಿತು. 2024ರಲ್ಲಿ ಅರ್ಜಿ ವಜಾ ಆಯಿತು. ಹಾಗಾಗಿ ನಿನ್ನ ಪ್ರಶ್ನೆಗೆ ನೇರ ಉತ್ತರ: ಅನಂತಸ್ವಾಮಿಯವರ ಧಾಟಿ. ಪಿಯಾನೊದಲ್ಲಿ ನುಡಿಸುವಾಗ ಎಡಗೈಯಲ್ಲಿ ತುಂಬಾ ತುಂಬಬೇಡ. ಮಾತು ಕೇಳಿಸಬೇಕು. ಅದು ಅವರ ದಾರಿ.

ಅನಂತಸ್ವಾಮಿಯವರು ಹುಟ್ಟಿದ್ದು ಮೈಸೂರಿನಲ್ಲಿ, 1936ರ ಅಕ್ಟೋಬರ್ 25ರಂದು. ತಾತ ಚಿಕ್ಕರಾಮರಾಯರು ಸಂಗೀತ ಬಲ್ಲವರು, ರಂಗಭೂಮಿಯ ನಟರು. ಲೆಕ್ಕ ಹಾಕಿ ನೋಡು. ಅವರಿಗೆ ಮೂರು ಮುಗಿದು ನಾಲ್ಕು ನಡೆಯುವಾಗ ರೇಡಿಯೊ ಹಾರ್ಮೋನಿಯಂಗೆ ಬಾಗಿಲು ಹಾಕಿತು. ಬಾಗಿಲು ತೆರೆಯುವ ಹೊತ್ತಿಗೆ ಅವರಿಗೆ ಮೂವತ್ತೈದು ಸಮೀಪಿಸಿತ್ತು. ಅಷ್ಟರಲ್ಲಿ ಅವರು ಹಾರ್ಮೋನಿಯಂ ಮುಂದಿಟ್ಟುಕೊಂಡೇ ಹಾಡುಗಾರರಾಗಿದ್ದರು. ಫೌಲ್ಡ್ಸ್ ಬೇಡವೆಂದ ಪೆಟ್ಟಿಗೆಯ ಮೇಲೇ ಕನ್ನಡದ ಸುಗಮ ಸಂಗೀತ ಬೆಳೆಯಿತು.

ಅನಂತಸ್ವಾಮಿಯವರಿಗಿಂತ ಮೊದಲು ಪಿ. ಕಾಳಿಂಗರಾಯರು ದಾರಿ ಮಾಡಿದ್ದರು. ಉಡುಪಿ ಕಡೆಯ ಆರೂರಿನವರು, 1914ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡವರು. ನವೋದಯದ ಕವಿತೆಗಳನ್ನು ಪುಸ್ತಕದಿಂದ ಸಭೆಗೆ ತಂದವರು ಅವರು. ಮೋಹನಕುಮಾರಿ, ಸೋಹನಕುಮಾರಿ ಜೊತೆಗೂಡಿ ಊರೂರು ಹಾಡಿದರು. ಕಾಳಿಂಗರಾಯರದು ರಾಜಗಂಭೀರ ಕಂಠ, ಅದನ್ನು ಕೇಳಬೇಕು, ನಮ್ಮಿಂದ ಹಾಡಲಾಗದು. ಅನಂತಸ್ವಾಮಿಯವರದು ಬೇರೆ ಬಗೆ. ಅವರ ಧಾಟಿಯನ್ನು ಅಡುಗೆಮನೆಯಲ್ಲಿ ಹಾಡಬಹುದು, ಬಸ್ಸಿನಲ್ಲಿ ಹಾಡಬಹುದು. ಕವಿಯ ಮಾತಿನ ಮೇಲೆ ರಾಗ ಕೂತು ಭಾರ ಹಾಕುವುದಿಲ್ಲ. ಜಿ.ಪಿ. ರಾಜರತ್ನಂ ಅವರ ರತ್ನನ ಪದಗಳನ್ನು ಅವರು ಹಾಡಿದ್ದನ್ನು ಕೇಳು, ಕುಡುಕ ರತ್ನನ ಗ್ರಾಮ್ಯ ಮಾತು ಮಾತಾಗೇ ಉಳಿದಿದೆ, ಹಾಡೂ ಆಗಿದೆ. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಅದಕ್ಕೆ ಹೆಸರು. ನಿಸಾರರು ದೇವನಹಳ್ಳಿಯವರು, ನಮಗೆ ಪಕ್ಕದವರೇ. ಆ ಕ್ಯಾಸೆಟ್ಟಿನಿಂದ ಕವಿತೆ ಓದದವರ ಮನೆಗೂ ಕವಿತೆ ಹೋಯಿತು. ಮನೆಯಲ್ಲಿ ತೆಲುಗು ಮಾತಾಡುವ ನಮ್ಮ ಗಡಿಯ ಊರುಗಳಲ್ಲಿ ಎಷ್ಟೋ ಮಕ್ಕಳು ಒಳ್ಳೆಯ ಕನ್ನಡ ಉಚ್ಚಾರ ಕಲಿತದ್ದು ಪಾಠದಿಂದಲ್ಲ, ಈ ಹಾಡುಗಳಿಂದ. ಇದನ್ನು ನಾನು ತರಗತಿಯಲ್ಲಿ ನಿಂತು ನೋಡಿ ಹೇಳುತ್ತಿದ್ದೇನೆ. ಮಹಾಪ್ರಾಣ ನುಂಗುವ ಮಗು ಹಾಡುವಾಗ ಅದನ್ನು ಸರಿಯಾಗಿ ಹೇಳುತ್ತದೆ, ಏಕೆಂದರೆ ಧಾಟಿ ಅಲ್ಲಿ ಉಸಿರು ಕೇಳುತ್ತದೆ.

ನಾಡಗೀತೆಯಲ್ಲಿ ಇದು ಎದ್ದು ಕಾಣುತ್ತದೆ. ಆ ಕವಿತೆ ಸುಲಭದ್ದಲ್ಲ. ಋಷಿಗಳು, ಆಚಾರ್ಯರು, ಕವಿಗಳು, ರಾಜವಂಶಗಳು, ಹೆಸರುಗಳ ಮೇಲೆ ಹೆಸರು, ಉದ್ದುದ್ದ ಸಮಾಸ. ಒಂದನೇ ಕ್ಲಾಸಿನ ಮಗುವಿಗೂ ಹತ್ತನೇ ಕ್ಲಾಸಿನ ಒಡೆದ ಗಂಟಲಿನ ಹುಡುಗನಿಗೂ ಒಟ್ಟಿಗೆ ಹಾಡಲು ಆಗಬೇಕು. ಸ್ಥಾಯಿ ಮೇಲೆ ಹೋದರೆ ಹುಡುಗರು ಬಿಡುತ್ತಾರೆ, ಕೆಳಗೆ ಇಳಿದರೆ ಚಿಕ್ಕವರಿಗೆ ಕೇಳಿಸದು. ಅನಂತಸ್ವಾಮಿ ಅದನ್ನು ನಡುವಿನ ದಾರಿಯಲ್ಲಿ ನಡೆಸಿದ್ದಾರೆ. ಅಂಗಳದಲ್ಲಿ ಮಕ್ಕಳೆಲ್ಲ ಒಂದೇ ಸಲ ಎತ್ತಿಕೊಂಡಾಗ ಯಾರೂ ಹಿಂದೆ ಬೀಳುವುದಿಲ್ಲ. ಒಬ್ಬ ಗಾಯಕನ ಗಂಟಲಿಗೆ ರಾಗ ಕಟ್ಟುವವರು ಬಹಳ ಜನ, ಅಂಗಳಕ್ಕೆ ರಾಗ ಕಟ್ಟುವವರು ಅಪರೂಪ.

ಅವರು 1995ರ ಜನವರಿ 9ರಂದು ಹೋಗಿಬಿಟ್ಟರು. ಅವರಿಗೂ ವಯಸ್ಸು 58. ತಮ್ಮ ಧಾಟಿ ನಾಡಿನದಾದದ್ದನ್ನು ನೋಡಲು ಅವರಿರಲಿಲ್ಲ. ಅವರ ದಾರಿ ಹಿಡಿದಿದ್ದ ಮಗ ರಾಜು ಅನಂತಸ್ವಾಮಿ 2009ರ ಜನವರಿಯಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಅದೇ ವರ್ಷ ಡಿಸೆಂಬರ್ 29ರಂದು ಸಿ. ಅಶ್ವಥ್ ಕೂಡ. ಅವರು ಹುಟ್ಟಿದ್ದೂ ಅದೇ ತಾರೀಖು, 1939ರಲ್ಲಿ, ಚನ್ನರಾಯಪಟ್ಟಣದಲ್ಲಿ.

ಅಶ್ವಥ್ ಬಗ್ಗೆಯೂ ಒಂದೆರಡು ಮಾತು ಬರೆಯದಿದ್ದರೆ ನನಗೆ ಸಮಾಧಾನ ಇಲ್ಲ. ನಾಡಗೀತೆಯ ಜಗಳದಲ್ಲಿ ಕೆಲವರು ಇವರಿಬ್ಬರನ್ನು ಎದುರುಬದುರು ನಿಲ್ಲಿಸಿದರು, ಅದು ನನಗೆ ಒಪ್ಪಿಗೆಯಿಲ್ಲ. ಅಶ್ವಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ 27 ವರ್ಷ ನೌಕರಿ ಮಾಡುತ್ತಲೇ ಸಂಗೀತ ಕಟ್ಟಿದವರು. ಅವರು ಮೊದಲು ಸಂಗೀತ ಕೊಟ್ಟ ಸಿನಿಮಾ ‘ಕಾಕನ ಕೋಟೆ’, ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರ ನಾಟಕ. ಶಿಶುನಾಳ ಶರೀಫರ ತತ್ವಪದಗಳನ್ನು ಮನೆಮನೆಗೆ ತಲುಪಿಸಿದವರು ಅವರು. ಅನಂತಸ್ವಾಮಿ ಕಿವಿಯ ಹತ್ತಿರ ಹೇಳಿದರೆ ಅಶ್ವಥ್ ಬಯಲಿನಲ್ಲಿ ನಿಂತು ಕೂಗಿ ಹೇಳುತ್ತಾರೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಲಕ್ಷದಷ್ಟು ಜನ ಸೇರಿದ್ದು ಆ ಕೂಗಿಗೆ. ಇಬ್ಬರೂ ಬೇಕು ನಮಗೆ. ನಿನ್ನ ರಾಜ್ಯೋತ್ಸವದಲ್ಲಿ ನಾಡಗೀತೆ ಆದಮೇಲೆ ಅಶ್ವಥರ ಶರೀಫ್ ಪದ ಒಂದನ್ನು ಹಾಡಿಸು.

ಹೆಸರಿನ ವಿಷಯ ನಾನು ಯಾಕಿಷ್ಟು ಹಿಡಿದುಕೊಂಡಿದ್ದೇನೆ ಅಂತ ನಿನಗನ್ನಿಸಬಹುದು. ಮುಳಬಾಗಿಲಿನ ನರಸಿಂಹತೀರ್ಥಕ್ಕೆ ನಿನ್ನನ್ನು ಕರೆದುಕೊಂಡು ಹೋಗಿದ್ದೆವಲ್ಲ, ಶ್ರೀಪಾದರಾಜರ ಬೃಂದಾವನ ಇರುವುದು ಅಲ್ಲೇ. ಹದಿನೈದನೇ ಶತಮಾನದಲ್ಲಿ ಕನ್ನಡದಲ್ಲಿ ದೇವರನಾಮ ಹಾಡಿದ ಮೊದಲಿಗರಲ್ಲಿ ಅವರೊಬ್ಬರು. ಅವರ ಶಿಷ್ಯರು ವ್ಯಾಸರಾಯರು, ವ್ಯಾಸರಾಯರ ಶಿಷ್ಯರು ಪುರಂದರದಾಸರು. ಶ್ರೀಪಾದರಾಜರ ಪದಗಳ ಕೊನೆಯಲ್ಲಿ ರಂಗವಿಠಲ ಅನ್ನುವ ಅಂಕಿತ ಇದೆ. ಅದರಿಂದಲೇ ಐನೂರು ವರ್ಷ ಆದಮೇಲೂ ಇದು ಇವರದು ಅಂತ ಗುರುತಿಸುತ್ತೇವೆ. ಆದರೆ ಅವರು ಯಾವ ಧಾಟಿಯಲ್ಲಿ ಹಾಡಿದರು? ಅದು ಹೋಗಿಬಿಟ್ಟಿದೆ. ದಾಸರ ಪದಗಳಿಗೆ ನಾವೀಗ ಕೇಳುವ ರಾಗಗಳಲ್ಲಿ ಹೆಚ್ಚಿನವು ಆಮೇಲಿನವರು ಹಾಕಿದ್ದು. ಯಾರು ಹಾಕಿದರು ಅಂತ ಕೇಳಿದರೆ ಬಹಳಷ್ಟಕ್ಕೆ ಉತ್ತರ ಇಲ್ಲ. ನಮ್ಮ ಮುಳಬಾಗಿಲಿನಲ್ಲೇ ಹುಟ್ಟಿದ ಡಿ.ವಿ.ಜಿ. ಬೇಲೂರಿನ ಶಿಲಾಬಾಲಿಕೆಯರ ಮೇಲೆ ‘ಅಂತಃಪುರ ಗೀತೆ’ ಬರೆದಾಗ ಪ್ರತಿ ಹಾಡಿಗೂ ರಾಗ ತಾಳ ಸೂಚಿಸಿದರು. ಹಾಡಾಗುವ ಮಾತಿಗೆ ರಾಗವೂ ಜೊತೆಗೇ ಉಳಿಯಬೇಕು ಅನ್ನುವ ಎಚ್ಚರ ಅವರಿಗಿತ್ತು. ಮಾತು ಬರೆದವರಿಗೆ ಅಂಕಿತ ಇದೆ, ಪುಸ್ತಕದ ಮುಖಪುಟ ಇದೆ. ರಾಗ ಕೊಟ್ಟವರ ಹೆಸರಿಗೆ ಹಾಡಿನೊಳಗೆ ಎಲ್ಲೂ ಜಾಗ ಇಲ್ಲ. ಹಾಡುವವರು ಬಾಯಿಬಿಟ್ಟು ಹೇಳಿದರೆ ಉಂಟು, ಹೇಳದಿದ್ದರೆ ಒಂದೇ ತಲೆಮಾರಿನಲ್ಲಿ ಅಳಿಸಿಹೋಗುತ್ತದೆ.

ಹಾಗೆ ಅಳಿಸಿಹೋಗುತ್ತಿದ್ದ ಫೌಲ್ಡ್ಸ್ ಹೆಸರನ್ನು ನಿಮ್ಮ ಕಡೆಯವರು ಮತ್ತೆ ಬರೆದರು. ನಿಂತುಹೋಗಿದ್ದ ಆ ರೆಕ್ವಿಯಮ್ ಎಂಬತ್ತೊಂದು ವರ್ಷ ಆದಮೇಲೆ, 2007ರ ನವೆಂಬರ್ 11ರಂದು, ಅದೇ ಆಲ್ಬರ್ಟ್ ಹಾಲಿನಲ್ಲಿ ಮತ್ತೆ ನಡೆಯಿತು. ನನ್ನ ಪೆಟ್ಟಿಗೆಯನ್ನು ಬೈದವರಾದರೂ ಅವರಿಗೆ ಅದು ಸಲ್ಲಬೇಕಾದದ್ದೇ. ನೀನು ‘ಕೆಲ್ಟಿಕ್ ಲಮೆಂಟ್’ ನುಡಿಸುವಾಗ ಅವರು ಕಲ್ಕತ್ತಾದಲ್ಲಿ ತೀರಿಕೊಂಡದ್ದನ್ನು, ನಮ್ಮ ವಾದ್ಯಗಾರರ ಜೊತೆ ಕೂತು ವೃಂದ ಕಟ್ಟಿದ್ದನ್ನು ಅಲ್ಲಿಯ ಗೆಳತಿಯರಿಗೆ ಹೇಳು. ಅವರಿಗೆ ಗೊತ್ತಿರಲಾರದು.

ನಾಡಗೀತೆಯ ಸ್ವರಗಳನ್ನು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ನಿನ್ನ ಪಿಯಾನೊದ ಯಾವ ಮನೆಯಿಂದ ಷಡ್ಜ ಹಿಡಿದರೆ ಅಲ್ಲಿಯ ಮಕ್ಕಳಿಗೆ ಹಾಡಲು ಆಗುತ್ತದೋ ನೋಡಿಕೊಂಡು ನೀನೇ ಗೊತ್ತುಮಾಡು. 2 ನಿಮಿಷ 30 ಸೆಕೆಂಡು ಮೀರಬೇಡ. ಒಂದೇ ಒಂದನ್ನು ಮಾತ್ರ ನಿನ್ನಿಂದ ಕೇಳುತ್ತೇನೆ. ನಿರೂಪಕರು ಹೇಳಲಿ ಬಿಡಲಿ, ಪಿಯಾನೊ ಮುಂದೆ ಕೂರುವ ಮೊದಲು ನೀನೇ ಮೈಕ್ ಹಿಡಿದು ಎರಡೂ ಹೆಸರು ಹೇಳು: ರಚನೆ ಕುವೆಂಪು, ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿ.

ನಿನ್ನ
ಚಿಕ್ಕಮ್ಮ